ಲೈನ್ ಮನೆ ಗೋಡೆಯ ಫ್ರಿಜ್ಜು

ಹಾಸನದಲ್ಲಿ ಗೆಳೆಯರು ನಡೆಸುವ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಯನ್ನೂ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲಿರುವ ತಗಡಿನ ಟ್ರಂಕು ನನ್ನ ಅಪ್ಪನದು. ಇದರ ತುಂಬಾ ಕಾಗದ. ವಾರಪತ್ರಿಕೆ, ಮಾಸಪತ್ರಿಕೆಗಳಿಂದ ಕತ್ತರಿಸಿ ಇಟ್ಟ ಫೋಟೋಗಳು, ಜಾಹೀರಾತುಗಳು. ನಾನು ಮೂವತ್ತೆರಡು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಪಾಠಕ್ಕೆ ಬೇಕು ಅಂತ ಕತ್ತರಿಸಲು ಶುರು ಮಾಡಿದೆ, ಆಮೇಲೆ ಬಿಡಲು ಆಗಲಿಲ್ಲ. ಮಾತು ಮುಗಿದ ಮೇಲೆ ನೀವೆಲ್ಲ ಬಂದು ನೋಡಿ, ಕೈಯಲ್ಲಿ ಹಿಡಿದು ನೋಡಿ. ಅಂಚು ಮಾತ್ರ ಸ್ವಲ್ಪ ಜೋಪಾನ. ಕೆಲವು ಹಪ್ಪಳದ ಹಾಗೆ ಆಗಿವೆ.

ಆದರೆ ನನಗೆ ಚಿತ್ರ ನೋಡುವುದನ್ನು ಕಲಿಸಿದ ಜಾಹೀರಾತು ಈ ಟ್ರಂಕಿನಲ್ಲಿಲ್ಲ. ಅದು ಒಂದು ಗೋಡೆಯ ಮೇಲಿತ್ತು. ಆ ಗೋಡೆಯೂ ಈಗ ಇಲ್ಲ.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಆಗಿದ್ದರು. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಕಾಲ, ಅಂದರೆ 1970ರ ಆಸುಪಾಸು. ಕರೆಂಟು ಇದ್ದದ್ದು ಸಾಹುಕಾರರ ಬಂಗಲೆಗೆ ಮಾತ್ರ. ಬಂಗಲೆಗೆ ಬಣ್ಣದ ಪುಟಗಳ ಇಂಗ್ಲಿಷ್ ವಾರಪತ್ರಿಕೆಗಳು ಬರುತ್ತಿದ್ದವು. ಹಳತಾದ ಮೇಲೆ ಅವು ನಮ್ಮ ಮನೆಗೆ, ನಮ್ಮ ಮನೆಯಿಂದ ಲೈನ್ ಮನೆಗಳಿಗೆ. ಲೈನ್ ಮನೆ ನೋಡದವರಿಗೆ ಹೇಳುತ್ತೇನೆ: ಒಂದೇ ಚಾವಣಿ ಕೆಳಗೆ ಸಾಲಾಗಿ ಹತ್ತು ಹನ್ನೆರಡು ಮನೆ. ಒಂದೊಂದಕ್ಕೆ ಒಂದೇ ಕೋಣೆ, ಮುಂದೆ ಒಂದು ಜಗಲಿ. ಮಣ್ಣಿನ ಗೋಡೆಯ ಬಿರುಕಿನಲ್ಲಿ ಮಳೆಗಾಲದ ಗಾಳಿ ನುಗ್ಗಿ ಬರುತ್ತಿತ್ತು. ಅದನ್ನು ತಡೆಯಲು ಈ ಬಣ್ಣದ ಹಾಳೆಗಳನ್ನು ಗಂಜಿಯಲ್ಲಿ ಅದ್ದಿ ಗೋಡೆಗೆ ಅಂಟಿಸುತ್ತಿದ್ದರು. ಹಿಮದ ಬೆಟ್ಟ, ಸೂಟು ಹಾಕಿದ ಗಂಡಸು, ಕುದುರೆ, ಕಾರು, ಟವೆಲ್ ಸುತ್ತಿಕೊಂಡು ನಗುವ ಹೆಂಗಸು, ಎಲ್ಲರೂ ಆ ಹೊಗೆ ತುಂಬಿದ ಕೋಣೆಯೊಳಗೆ.

ಅರಸೀಕೆರೆ ಕಡೆಯಿಂದ ಕೂಲಿಗೆ ಬಂದ ಒಬ್ಬ ಅಜ್ಜಿ ಅಲ್ಲಿದ್ದರು. ಅವರ ಒಲೆಯ ಪಕ್ಕದ ಗೋಡೆಯ ಮೇಲೆ ಒಂದು ಫ್ರಿಜ್ಜಿನ ಜಾಹೀರಾತು. ಪುಟದ ತುಂಬಾ ಒಂದೇ ಚಿತ್ರ. ಬಾಗಿಲು ತೆರೆದ ಫ್ರಿಜ್ಜು, ಒಳಗೆ ಸೇಬು, ಹಾಲಿನ ಬಾಟಲಿ, ಕೇಕು, ದ್ರಾಕ್ಷಿ, ಬಾಗಿಲಿನ ಗೂಡುಗಳಲ್ಲಿ ಸಾಲಾಗಿ ಮೊಟ್ಟೆ. ನಾವು ಯಾರೂ ಫ್ರಿಜ್ಜು ನೋಡಿರಲಿಲ್ಲ. ನನಗಂತೂ ಆ ಚಿತ್ರದಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ. ಅಜ್ಜಿ ಅದನ್ನು ತಿಂಡಿ ಬೀರು ಅನ್ನುತ್ತಿದ್ದರು.

ಒಂದು ಸಂಜೆ ಬುಡ್ಡಿ ದೀಪದ ಬೆಳಕಿನಲ್ಲಿ ಅಜ್ಜಿ ನನ್ನನ್ನು ಕೇಳಿದರು, "ಅಮ್ಮಣ್ಣಿ, ಈ ಮನೇಲಿ ಎಷ್ಟು ಜನ ಅವ್ರೆ?"

ನನಗೆ ಅರ್ಥ ಆಗಲಿಲ್ಲ. ಯಾವ ಮನೆ ಅಂದೆ.

"ಈ ಬೀರು ಐತಲ್ಲ, ಆ ಮನೆ. ಹನ್ನೆಲ್ಡು ಮೊಟ್ಟೆ ಇಟ್ಟವ್ರೆ. ಒಂದೂ ಖರ್ಚಾಗಿಲ್ಲ. ಯಾರೂ ಉಣ್ಣಕ್ಕಿಲ್ವಾ ಆ ಮನೇಲಿ?"

ಅಜ್ಜಿ ಮೊಟ್ಟೆ ಎಣಿಸಿದ್ದರು! ನಾನು ದಿನಾ ನೋಡಿದರೂ ಎಣಿಸಿರಲಿಲ್ಲ. ಆಮೇಲೆ ಅವರೇ ಹೇಳುತ್ತಾ ಹೋದರು. ಹಾಲಿನ ಬಾಟಲಿ ಕತ್ತಿನ ತನಕ ತುಂಬಿದೆ, ಯಾರೂ ಕಾಫಿಗೆ ಬಗ್ಗಿಸಿಲ್ಲ. ಕೇಕು ಕೊಯ್ದಿಲ್ಲ. ಮಕ್ಕಳಿರುವ ಮನೆಯಾದರೆ ದ್ರಾಕ್ಷಿ ಗೊಂಚಲಲ್ಲಿ ನಾಲ್ಕಾದರೂ ಕಮ್ಮಿ ಇರಬೇಕಿತ್ತು. ಪಾಪ, ಈ ಮನೆಯಲ್ಲಿ ಮಕ್ಕಳಿಲ್ಲ ಅಂತ ಅವರ ತೀರ್ಮಾನ. ಅವರ ದನಿಯಲ್ಲಿ ಆಸೆಯಾಗಲಿ ಹೊಟ್ಟೆಕಿಚ್ಚಾಗಲಿ ಇರಲಿಲ್ಲ. ಆ ಕಾಣದ ಮನೆಯವರ ಬಗ್ಗೆ ಮರುಕ ಇತ್ತು.

ಕಣ್ಣು ಸೆಳೆಯುವುದು ಹೇಗೆ ಅಂತ ಜಾಹೀರಾತು ಮಾಡುವವರಿಗೆ ಚೆನ್ನಾಗಿ ಗೊತ್ತು. ದೊಡ್ಡ ಚಿತ್ರ, ಗಾಢ ಬಣ್ಣ, ಸುತ್ತ ಖಾಲಿ ಜಾಗ, ನಮ್ಮನ್ನೇ ನೋಡುವ ಒಂದು ಮುಖ. ಪುಟ ತಿರುವುವ ಬೆರಳು ಅಲ್ಲಿ ಒಂದು ಕ್ಷಣ ನಿಂತರೆ ಸಾಕು, ಅವರ ಕೆಲಸ ಆಯಿತು. ಆ ಒಂದು ಕ್ಷಣದಲ್ಲಿ ನಮಗೆ ಅನ್ನಿಸಬೇಕಾದದ್ದು "ಇದು ನನ್ನಲ್ಲಿ ಇಲ್ಲ" ಅಂತ. ಅಜ್ಜಿ ಮಾತ್ರ ಆ ಚಿತ್ರವನ್ನು ವರ್ಷಗಟ್ಟಲೆ ನೋಡಿದರು. ಅಷ್ಟು ಹೊತ್ತು ನೋಡಿದರೆ ಪ್ರಶ್ನೆ ಬದಲಾಗುತ್ತದೆ. ಇದು ಯಾರ ಮನೆ, ಯಾರು ಉಣ್ಣುತ್ತಾರೆ ಅಂತ ಕೇಳಲು ಶುರು ಮಾಡುತ್ತೇವೆ. ಟೀಚರ್ ಆದ ಮೇಲೆ ನಾನು ಮಕ್ಕಳಿಗೆ ಕಲಿಸಲು ನೋಡಿದ್ದು ಇದೊಂದನ್ನೇ. ಅಜ್ಜಿಯ ಹಾಗೆ ಮೊಟ್ಟೆ ಎಣಿಸಿ ಅಂತ.

ನಮ್ಮ ಮನೆಗೆ ಬರುತ್ತಿದ್ದ ಕನ್ನಡ ಪತ್ರಿಕೆಗಳ ಬಗ್ಗೆ ಎರಡು ಮಾತು. 'ಸುಧಾ' 1965ರಲ್ಲಿ ಶುರುವಾಯಿತು, 'ಮಯೂರ' 1968ರಲ್ಲಿ. ನಾನು ಓದು ಕಲಿತದ್ದೇ ಅವುಗಳಲ್ಲಿ. 'ಚಂದಮಾಮ'ದ ಮುಖಪುಟ ನೋಡಿ ಬಣ್ಣದ ಪೆನ್ಸಿಲ್ ಹಿಡಿದದ್ದು. ಸೋವಿಯತ್ ರಷ್ಯಾದವರ ಪತ್ರಿಕೆ 'ಸೋವಿಯತ್ ಲ್ಯಾಂಡ್' ನೆನಪಿದೆ ಅಲ್ವಾ? ಇಲ್ಲಿ ತಲೆ ಬೆಳ್ಳಗಾದವರೆಲ್ಲ ನಗುತ್ತಿದ್ದಾರೆ ನೋಡಿ. ಆ ಮಿಂಚುವ ದಪ್ಪ ಕಾಗದದಲ್ಲಿ ಪುಸ್ತಕಕ್ಕೆ ರ‍್ಯಾಪರ್ ಹಾಕಿದರೆ ಜೂನ್ ತಿಂಗಳ ಮಳೆಗೂ ಜಗ್ಗುತ್ತಿರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಇಡೀ ವರ್ಷ ಒಬ್ಬ ಟ್ರ್ಯಾಕ್ಟರ್ ಓಡಿಸುವ ಹೆಂಗಸು ಇದ್ದಳು. ತಲೆಗೆ ಚೌಕ ಕಟ್ಟಿಕೊಂಡು, ಗೋಧಿ ಹೊಲದ ನಡುವೆ ನಗುತ್ತಾ. ಅವಳ ದೇಶ ಏನನ್ನು ಮಾರಲು ಅವಳನ್ನು ನಗಿಸಿತ್ತು ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಆದರೆ ಹೆಂಗಸು ಟ್ರ್ಯಾಕ್ಟರ್ ಓಡಿಸಬಹುದು ಅನ್ನುವುದನ್ನು ನಾನು ಮೊದಲು ಕಂಡದ್ದು ಆ ರ‍್ಯಾಪರಿನ ಮೇಲೆಯೇ. ಚಿತ್ರ ಮಾಡಿದವರು ಒಂದು ಅಂದುಕೊಂಡಿರುತ್ತಾರೆ, ನೋಡುವ ಮಗು ಇನ್ನೊಂದನ್ನು ತೆಗೆದುಕೊಂಡು ಹೋಗುತ್ತದೆ. ಹಾಗಾಗಿ ಚಿತ್ರಗಳನ್ನು ಸಾರಾಸಗಟಾಗಿ ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಕಾಫಿಗೆ ಬರೋಣ. ಹಾಸನದಲ್ಲಿ ನಿಂತು ಕಾಫಿ ಜಾಹೀರಾತಿನ ಬಗ್ಗೆ ಮಾತಾಡದೆ ಹೋದರೆ ಹೇಗೆ?

ಇದು ತೊಂಬತ್ತರ ದಶಕದ ಒಂದು ಮಾಸಪತ್ರಿಕೆಯ ಹಿಂಬದಿ ರಕ್ಷಾಪುಟ. ಕಪ್ಪಿನ ಅಂಚಿನಲ್ಲಿ ನೊರೆ, ಮುತ್ತು ಪೋಣಿಸಿದ ಹಾಗೆ. ನಮ್ಮ ಮನೆಯಲ್ಲಿ ಎಷ್ಟೇ ಎತ್ತರದಿಂದ ಎತ್ತಿ ಹುಯ್ದರೂ ಫಿಲ್ಟರ್ ಕಾಫಿಯ ನೊರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫೋಟೋ ತೆಗೆಯಲು ಗಂಟೆಗಟ್ಟಲೆ ಬೇಕು, ಮೇಲೆ ದೀಪದ ಬಿಸಿ. ಅದಕ್ಕೇ ಜಾಹೀರಾತಿನ ಕಪ್ಪಿಗೆ ಸೋಪಿನ ಗುಳ್ಳೆ ಬಿಡುವ ಉಪಾಯ ಈ ಕಸುಬಿನಲ್ಲಿ ಬಹಳ ಹಳೆಯದು. ಅದೇ ಹಾಗೆ, ಹಾಲಿನ ಬದಲು ಬಿಳಿ ಅಂಟು, ಐಸ್‌ಕ್ರೀಮಿನ ಬದಲು ಬೇಯಿಸಿ ನುಣ್ಣಗೆ ಕಿವುಚಿದ ಆಲೂಗಡ್ಡೆ, ಐಸಿನ ಬದಲು ಪ್ಲಾಸ್ಟಿಕ್ಕಿನ ತುಂಡು. ಇದನ್ನು ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ನೊರೆ ವಿಷಯದಲ್ಲಿ ನನಗೆ ಅಷ್ಟೇನೂ ಬೇಸರವಿಲ್ಲ. ನನ್ನ ತಕರಾರು ಕಪ್ಪಿನ ಹಿಂದೆ ನಿಂತಿರುವ ಈ ಹೆಂಗಸಿನ ಬಗ್ಗೆ. ನೋಡಿ, ಇಸ್ತ್ರಿ ಮಾಡಿದ ಸೀರೆ. ಮುಡಿಯಲ್ಲಿ ಹೂವು. ಬುಟ್ಟಿಯ ತುಂಬಾ ಕೆಂಪು ಹಣ್ಣು, ಒಂದೂ ಹಸಿರಿಲ್ಲ, ಒಂದು ಎಲೆಯೂ ಇಲ್ಲ.

ನಾನು ಕಂಡ ಕುಯ್ಲು ಹೀಗಿರಲಿಲ್ಲ. ಅರೇಬಿಕಾ ಕುಯ್ಲು ಅಂದರೆ ನವೆಂಬರ್, ಡಿಸೆಂಬರಿನ ಚಳಿ. ಬೆಳಿಗ್ಗೆ ಗಿಡದ ತುಂಬಾ ಇಬ್ಬನಿ. ಕೊಂಬೆ ಬಗ್ಗಿಸಿದ ಕೂಡಲೆ ಮೈಯೆಲ್ಲ ಒದ್ದೆ. ಒಂದೇ ರೆಂಬೆಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಇರುತ್ತವೆ. ಹಣ್ಣಾದದ್ದನ್ನು ಮಾತ್ರ ಆರಿಸಿ ಬಿಡಿಸಬೇಕು. ಕೈ ಅಂಟಂಟಾಗಿ ಬೆರಳು ಕಪ್ಪಾಗುತ್ತದೆ. ರೋಬಸ್ಟಾ ಗಿಡದಲ್ಲಾದರೆ ಚಗಳಿ ಇರುವೆ. ಒಂದು ಗೂಡು ಅಲ್ಲಾಡಿದರೆ ಕತ್ತು, ಕಂಕುಳು ಎಲ್ಲ ಕಡೆ ಕಚ್ಚುತ್ತವೆ. ಅದಕ್ಕೇ ಕುಯ್ಲಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೇ ತುಂಬುತೋಳಿನ ಶರಟು ಹಾಕಿಕೊಳ್ಳುತ್ತಾರೆ, ತಲೆಗೆ ಬಟ್ಟೆ ಬಿಗಿಯುತ್ತಾರೆ. ನಾನು ನೋಡಿದ ಒಂದು ಕಾಫಿ ಜಾಹೀರಾತಿನಲ್ಲೂ ಆ ಶರಟು ಕಂಡಿಲ್ಲ. ಸಂಜೆ ಕಣದ ಹತ್ತಿರ ತಕ್ಕಡಿ. ಅಪ್ಪ ಒಬ್ಬೊಬ್ಬರ ತೂಕ ಬರೆದುಕೊಳ್ಳುತ್ತಿದ್ದರು, ಕೂಲಿ ತೂಕದ ಲೆಕ್ಕದಲ್ಲಿ. ಅರ್ಧ ಕೆ.ಜಿ. ಕಡಿಮೆ ಬರೆದರು ಅಂತ ಜಗಳ ಆದ ದಿನವೂ ಇದೆ. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಆ ಶರಟು ಹಾಕಿಕೊಂಡ ಹೆಂಗಸಿನ ಫೋಟೋ ಹಾಕಿದರೆ ಕಾಫಿ ಕುಡಿಯುವುದನ್ನು ಯಾರಾದರೂ ಬಿಡುತ್ತಾರಾ? ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕಡೆಯವರಿಗೆ ಆ ಶರಟಿನಲ್ಲೇ ಅವಳು ಚೆಂದ.

ಇನ್ನೊಂದು ಚಿತ್ರ, ಇದನ್ನು ಹೇಳಲು ಸ್ವಲ್ಪ ಕಷ್ಟ. ಹಾಲಿನ ಪುಡಿ ಡಬ್ಬಿಯ ಮೇಲಿನ ಮಗು. ಗುಂಡು ಗುಂಡಗೆ, ಕೆನ್ನೆ ಉಬ್ಬಿಸಿಕೊಂಡು ನಗುವ ಮಗು. ಡಬ್ಬಿಯ ಮೇಲೆ ಇತ್ತು, ಪತ್ರಿಕೆಗಳಲ್ಲಿ ಇತ್ತು, ಕ್ಯಾಲೆಂಡರಿನಲ್ಲೂ ಇತ್ತು. ನಮ್ಮ ತೋಟದಲ್ಲಿ ಒಬ್ಬ ಬಾಣಂತಿ ಆ ಚಿತ್ರ ನೋಡಿ ಮರುಳಾದಳು. ಅವಳಿಗೆ ಎದೆಹಾಲು ಇತ್ತು. ಆದರೂ ತನ್ನ ಮಗು ಸಣಕಲು, ಆ ಮಗು ಗುಂಡಗೆ. ಗಂಡನಿಗೆ ಹೇಳಿ ಪೇಟೆಯಿಂದ ಒಂದು ಡಬ್ಬಿ ತರಿಸಿದಳು. ದುಬಾರಿ ಪುಡಿ, ಹೆಚ್ಚು ದಿನ ಬರಲಿ ಅಂತ ನೀರು ಜಾಸ್ತಿ ಹಾಕಿ ಕಲಸಿದಳು. ನೀರು ಕೂಡ ಹಳ್ಳದ್ದು. ಮಗುವಿಗೆ ಭೇದಿ ಹತ್ತಿತು. ಬದುಕಿಕೊಂಡಿತು, ಆದರೆ ಮೇಲೆ ಬರಲು ವರ್ಷವೇ ಬೇಕಾಯಿತು. ಅಷ್ಟರಲ್ಲಿ ತಾಯಿಯ ಹಾಲೂ ಬತ್ತಿತ್ತು.

ಅವಳ ಜಗಲಿಯಲ್ಲಿ ಕೂತು ಅಜ್ಜಿ ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂದರು, "ಈ ಡಬ್ಬಿ ಮ್ಯಾಲಿನ ಕೂಸು ಯಾರ ಹಾಲು ಕುಡ್ದು ಬೆಳೀತೋ."

ನಾನು ಆಗ ಸಣ್ಣವಳು. ಆ ಮಾತು ಅರ್ಥವಾಗಲು ಬಹಳ ವರ್ಷ ಬೇಕಾಯಿತು. ನಮ್ಮ ದೇಶದಲ್ಲಿ 1992ರಲ್ಲಿ ಒಂದು ಕಾನೂನು ಬಂತು. ಹಸುಗೂಸಿನ ಹಾಲಿನ ಪುಡಿಗೆ, ಹಾಲೂಡಿಸುವ ಬಾಟಲಿಗೆ ಜಾಹೀರಾತು ಕೊಡುವ ಹಾಗಿಲ್ಲ. ಹಾಲಿನ ಪುಡಿ ಡಬ್ಬಿಯ ಮೇಲೆ ಮಗುವಿನ ಚಿತ್ರವಾಗಲಿ ತಾಯಿಯ ಚಿತ್ರವಾಗಲಿ ಹಾಕುವ ಹಾಗಿಲ್ಲ. ತಾಯಿ ಹಾಲೇ ಮಗುವಿಗೆ ಒಳ್ಳೆಯದು ಅಂತ ಡಬ್ಬಿಯ ಮೇಲೆ ಬರೆಯಲೇಬೇಕು. ಈಗ ಮೆಡಿಕಲ್ ಸ್ಟೋರಿಗೆ ಹೋದಾಗ ಗಮನಿಸಿ, ಆ ಡಬ್ಬಿಗಳ ಮೇಲೆ ಮಗುವಿನ ಮುಖ ಇಲ್ಲ. ಒಂದು ನಗುವ ಮುಖವನ್ನು ತೆಗೆಸಲು ಸಂಸತ್ತೇ ಕಾನೂನು ಮಾಡಬೇಕಾಯಿತು ಅಂದರೆ ಆ ಚಿತ್ರಕ್ಕೆ ಎಷ್ಟು ಬಲ ಇತ್ತು ನೋಡಿ. ಆ ಡಬ್ಬಿಗಳನ್ನು ನೋಡಿದಾಗಲೆಲ್ಲ ನಾನು ಆ ಬಾಣಂತಿಯನ್ನು ನೆನೆಯುತ್ತೇನೆ.

ಹಾಗಂತ ಎಲ್ಲ ಜಾಹೀರಾತೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಮುಲ್ ಬೆಣ್ಣೆಯ ಚುಕ್ಕಿ ಫ್ರಾಕಿನ ಹುಡುಗಿ 1966ರಿಂದ ಇದ್ದಾಳೆ. ನಾನು ಮುದುಕಿಯಾದೆ, ಅವಳು ಆಗಲಿಲ್ಲ. ಅವಳು ಬರೀ ಗೆರೆಯ ಚಿತ್ರ. ನಿನ್ನಲ್ಲಿ ಏನೋ ಕೊರತೆ ಇದೆ ಅಂತ ಅವಳು ಯಾರಿಗೂ ಹೇಳಿದ್ದಿಲ್ಲ. ಊರಿನ ಸುದ್ದಿ ಹೇಳಿ, ಪದಗಳ ಜೊತೆ ಆಟ ಆಡಿ, ಬೆಣ್ಣೆ ತಿಂದು ಹೋಗುತ್ತಾಳೆ. ಕೈಗಡಿಯಾರದ ಜಾಹೀರಾತಿನಲ್ಲಿ ಮುಳ್ಳುಗಳು ಹೆಚ್ಚಾಗಿ ಹತ್ತು ಗಂಟೆ ಹತ್ತು ನಿಮಿಷಕ್ಕೇ ನಿಂತಿರುತ್ತವೆ, ಗಮನಿಸಿದ್ದೀರಾ? ಎರಡು ಮುಳ್ಳೂ ತೋಳು ಎತ್ತಿದ ಹಾಗೆ ಕಾಣುತ್ತವೆ, ನಡುವೆ ಕಂಪನಿಯ ಹೆಸರು ಚೆನ್ನಾಗಿ ಕೂರುತ್ತದೆ. ಇದನ್ನು ಹೇಳಿದ ದಿನ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಇಡೀ ಲೈಬ್ರರಿಯ ಪತ್ರಿಕೆ ತಿರುವಿ ಹಾಕಿದ್ದರು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಬಣ್ಣದ ಪುಟ ನಮ್ಮ ಕೈಗೆ ಸಿಗುವ ಬೆಲೆಗೆ ಸಿಗುವುದು ಜಾಹೀರಾತಿನ ದುಡ್ಡಿನಿಂದ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತು ತೆಗೆದುಕೊಳ್ಳದೆ ಓದುಗರ ಕಾಸಿನಲ್ಲೇ ನಡೆಯಿತು. ಬಣ್ಣವಿಲ್ಲದ ಆ ಸಾದಾ ಕಾಗದಕ್ಕಾಗಿ ಜನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ನಡೆಸಲು ಎಲ್ಲರಿಗೂ ಆಗುವುದಿಲ್ಲ.

ಈಗ ಮಾರುವ ಉದ್ದೇಶ ಇಲ್ಲದ ಫೋಟೋಗಳ ಕಡೆಗೆ. ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಹೆಸರು ನೀವು ಕೇಳಿರುತ್ತೀರಿ. 1923ರಲ್ಲಿ ಹುಟ್ಟಿದವರು, 2009ರಲ್ಲಿ ತೀರಿಕೊಂಡರು. ದೊಡ್ಡ ದೊಡ್ಡ ವಿದೇಶಿ ಪತ್ರಿಕೆಗಳಿಗೆ ಚಿತ್ರ ಕೊಟ್ಟವರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕೆ ಇಟ್ಟಿತು. ಕಪ್ಪು ಬಿಳುಪು ಚಿತ್ರಗಳು. ಶಾಲೆಯಲ್ಲಿ ಕೂತ ಮಕ್ಕಳು, ಆಡುವ ಮಕ್ಕಳು, ನಮ್ಮ ನಿಮ್ಮ ಬೀದಿಯ ಮಕ್ಕಳು. ಅವರ ಚಿತ್ರ ಪುಟದಿಂದ ಹಾರಿ ಬಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾವೇ ಹತ್ತಿರ ಹೋಗಬೇಕು. ಹೋದ ಮೇಲೆ ಎದ್ದು ಬರಲು ಮನಸ್ಸಾಗುವುದಿಲ್ಲ. ಆ ಮಕ್ಕಳು ಅವರ ಕ್ಯಾಮೆರಾಗೆ ಹೆದರಿಲ್ಲ ಅನ್ನುವುದು ಚಿತ್ರದಲ್ಲೇ ಗೊತ್ತಾಗುತ್ತದೆ. ನನಗೆ ಅದು ಬಹಳ ದೊಡ್ಡ ವಿಷಯ.

ಯಾಕೆ ಅಂತ ಹೇಳುತ್ತೇನೆ. ಈ ಚಿತ್ರ ನಿಮಗೆಲ್ಲ ಗೊತ್ತು. ಹಸಿರು ಕಣ್ಣಿನ ಅಫ್ಘಾನ್ ಹುಡುಗಿ. 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ 1985ರ ಜೂನ್ ಸಂಚಿಕೆಯ ಮುಖಪುಟ. ಸ್ಟೀವ್ ಮೆಕರ್ರಿ ಅನ್ನುವವರು ಪಾಕಿಸ್ತಾನದ ಒಂದು ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು. ಒಂದು ಹಳೇ ಪುಸ್ತಕದಂಗಡಿಯಲ್ಲಿ ನಾನು ಇದನ್ನು ನೋಡಿದಾಗ ಹೆಜ್ಜೆ ಮುಂದೆ ಹೋಗಲಿಲ್ಲ. ತಿಂಗಳ ಕೊನೆ, ಕೈಯಲ್ಲಿ ಬಸ್ ಚಾರ್ಜು ಮಾತ್ರ ಇತ್ತು. ಮಾರನೇ ತಿಂಗಳು ಹೋಗಿ ತಂದೆ. ಎಷ್ಟೋ ವರ್ಷ ನಮ್ಮ ಸ್ಟಾಫ್ ರೂಮಿನ ಬೀರುವಿನ ಬಾಗಿಲಿಗೆ ಅಂಟಿಸಿದ್ದೆ.

ಆ ಹುಡುಗಿಯ ಹೆಸರು ಶರ್ಬತ್ ಗುಲಾ. ಜಗತ್ತಿಗೆ ಆ ಹೆಸರು ತಿಳಿದದ್ದು 2002ರಲ್ಲಿ, ಚಿತ್ರ ಅಚ್ಚಾಗಿ ಹದಿನೇಳು ವರ್ಷದ ಮೇಲೆ. ಅಲ್ಲಿಯ ತನಕ ಅವಳು ಆ ಮುಖಪುಟವನ್ನು ನೋಡಿಯೇ ಇರಲಿಲ್ಲ. ಗುರುತಿಲ್ಲದ ಗಂಡಸು ಬಂದು ಫೋಟೋ ತೆಗೆದ ಅಂತ ಅವತ್ತು ತನಗೆ ಸಿಟ್ಟು ಬಂದಿತ್ತು ಅಂತ ಅವಳು ನೆನೆಸಿಕೊಂಡಳು. ನಾನು ಅದನ್ನು ಓದಿದ ದಿನ ಸ್ಟಾಫ್ ರೂಮಿಗೆ ಹೋಗಿ ಆ ಚಿತ್ರದ ಮುಂದೆ ನಿಂತೆ. ಇಷ್ಟು ವರ್ಷ ಅದನ್ನು ಭಯ ಅಂದುಕೊಂಡಿದ್ದೆ, ದುಃಖ ಅಂದುಕೊಂಡಿದ್ದೆ, ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೆ. ಅದು ಸಿಟ್ಟು. "ಯಾರು ನೀನು, ಯಾಕೆ ನೋಡ್ತಿದ್ದೀಯ?" ಅನ್ನುವ ನೋಟ. 2016ರಲ್ಲಿ ಪಾಕಿಸ್ತಾನದಲ್ಲಿ ಗುರುತಿನ ಚೀಟಿಯ ವಿಷಯಕ್ಕೆ ಅವಳನ್ನು ಬಂಧಿಸಿ ದೇಶದಿಂದ ಕಳಿಸಿದರು. 2021ರಲ್ಲಿ ಇಟಲಿ ಅವಳಿಗೆ ಆಸರೆ ಕೊಟ್ಟಿತು. ಜಗತ್ತೆಲ್ಲ ಮುಖ ಗುರುತು ಹಿಡಿಯುವ ಹೆಂಗಸಿಗೆ ಒಂದು ಗುರುತಿನ ಚೀಟಿ ಸಿಗಲು ಅಷ್ಟು ಕಷ್ಟವಾಯಿತು. ಅವಳು ಯಾರು ಅಂತ ಕೇಳದೆಯೇ ನಾನು ಹತ್ತು ಹನ್ನೆರಡು ವರ್ಷ ಅವಳನ್ನು ನೋಡಿದ್ದೆ. ಅಜ್ಜಿಯಾಗಿದ್ದರೆ ಮೊದಲ ದಿನವೇ ಕೇಳುತ್ತಿದ್ದರು.

ಅದೇ ಪತ್ರಿಕೆ 1982ರ ಫೆಬ್ರವರಿಯಲ್ಲಿ ಈಜಿಪ್ಟಿನ ಪಿರಮಿಡ್ಡುಗಳನ್ನು ಮುಖಪುಟಕ್ಕೆ ಹಾಕಿತ್ತು. ಫೋಟೋ ಅಡ್ಡಕ್ಕೆ ಉದ್ದ, ಪುಟ ಉದ್ದಕ್ಕೆ ಉದ್ದ. ಚೆನ್ನಾಗಿ ಕೂರಲಿ ಅಂತ ಕಂಪ್ಯೂಟರಿನಲ್ಲಿ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿದರು. ಆಮೇಲೆ ಅದು ದೊಡ್ಡ ಚರ್ಚೆಯಾಯಿತು. ಸಾವಿರಾರು ವರ್ಷ ಕದಲದೆ ನಿಂತದ್ದನ್ನು ಒಂದು ಮುಖಪುಟಕ್ಕಾಗಿ ಸರಿಸಿದರಲ್ಲ ಅಂತ.

ಅಷ್ಟು ದೂರ ಯಾಕೆ, ನಮ್ಮ ಶೆಟ್ಟಿಹಳ್ಳಿಗೆ ಬನ್ನಿ. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಅದು ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೆಲಕ್ಕೆ ಬರುತ್ತದೆ. ಆ ಫೋಟೋ ನೋಡದವರು ಯಾರಿದ್ದಾರೆ? ಪ್ರವಾಸದ ವಿಶೇಷ ಸಂಚಿಕೆ ಬಂತು ಅಂದರೆ ಅದು ಇರಲೇಬೇಕು. ನೀರಿನ ನಡುವೆ ಕಮಾನುಗಳು, ಹಿಂದೆ ಮೋಡ, ಒಂದು ತೆಪ್ಪ. ಈಗ ಮದುವೆಗೆ ಮುಂಚಿನ ಫೋಟೋ ತೆಗೆಸಲು ಜೋಡಿಗಳು ಅಲ್ಲಿಗೆ ಹೋಗುತ್ತಾರೆ. ಹೋಗಲಿ, ಚೆಂದದ ಜಾಗ.

ನಾನು ಒಂದು ಸಲ ಆ ಫೋಟೋವನ್ನು ಕ್ಲಾಸಿಗೆ ತೆಗೆದುಕೊಂಡು ಹೋಗಿದ್ದೆ, ನೀರಿನಲ್ಲಿ ನೆರಳು ಬಿಡಿಸುವುದನ್ನು ಹೇಳಿಕೊಡಲು. ಎಲ್ಲರೂ ಕಮಾನು ಬಿಡಿಸಿದರು. ಒಬ್ಬ ಹುಡುಗ ಮಾತ್ರ ಚರ್ಚನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕಿ, ಉಳಿದ ಜಾಗದಲ್ಲಿ ಮನೆ, ಗದ್ದೆ, ಹುಣಸೇಮರ, ಬಾವಿ ಬಿಡಿಸಿದ್ದ. ನೀರೇ ಇಲ್ಲ. ಕೇಳಿದರೆ, "ಮಿಸ್, ಇದು ನಮ್ಮ ಅಜ್ಜನ ಊರು. ನೀರು ಬರೋಕೆ ಮುಂಚೆ ಹಿಂಗಿತ್ತಂತೆ" ಅಂದ. ಮುಳುಗಡೆಯಾಗಿ ಎದ್ದುಬಂದವರ ಮನೆಯ ಹುಡುಗ ಅವನು. ಅವರ ಮನೆಯಲ್ಲಿ ಹಳೇ ಊರಿನ ಒಂದು ಫೋಟೋವೂ ಇರಲಿಲ್ಲ. ಅವರ ಅಜ್ಜ ಹೇಳಿದ್ದನ್ನು ಕೇಳಿ ಕೇಳಿ ಅವನು ಅದನ್ನು ಬಿಡಿಸಿದ್ದ. ಬಾವಿಗೆ ಎಷ್ಟು ಮೆಟ್ಟಿಲು ಅನ್ನುವುದೂ ಅವನಿಗೆ ಗೊತ್ತಿತ್ತು. ಆ ಹಾಳೆ ಈ ಟ್ರಂಕಿನಲ್ಲಿದೆ. ಮುದ್ರಣವಾದ ಚಿತ್ರಗಳ ನಡುವೆ ಅದೊಂದೇ ಕೈಯಲ್ಲಿ ಬಿಡಿಸಿದ್ದು. ಅವನನ್ನು ಕೇಳಿಯೇ ಇಟ್ಟುಕೊಂಡೆ.

ಇಲ್ಲಿ ಮಾತಿನ ನಡುವೆ ಒಬ್ಬ ಕಾಲೇಜು ಹುಡುಗಿ ಎದ್ದು ಕೇಳಿದಳು, "ಮೇಡಂ, ಸುಳ್ಳು ಜಾಹೀರಾತು ನೋಡಿದರೆ ನಾವೇನು ಮಾಡಬಹುದು?" ಒಳ್ಳೆಯ ಪ್ರಶ್ನೆ. ಜಾಹೀರಾತು ಉದ್ಯಮದವರೇ 1985ರಲ್ಲಿ ಮಾಡಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಇದೆ. ಸಾಮಾನ್ಯ ಜನರೂ ದುಡ್ಡು ಕಟ್ಟದೆ ಅಲ್ಲಿಗೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹಾಕುವ ಅಧಿಕಾರ ಕೇಂದ್ರದ ಒಂದು ಪ್ರಾಧಿಕಾರಕ್ಕೆ ಇದೆ. ದೂರು ಕೊಡಿ. ನಾನೂ ಕೊಟ್ಟಿದ್ದೇನೆ. ಆದರೆ ಕೆಲವು ಸುಳ್ಳುಗಳಿಗೆ ದೂರು ಕೊಡುವ ಜಾಗವೇ ಇರುವುದಿಲ್ಲ. ಅವು ನಮ್ಮ ಮನೆಯೊಳಗೇ ಬಂದು ಕೂತಿರುತ್ತವೆ. ನನ್ನ ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

1979. ಅಕ್ಕನಿಗೆ ಇಪ್ಪತ್ತೊಂದು. ಅವಳದು ನಮ್ಮಮ್ಮನ ಬಣ್ಣ, ಎಣ್ಣೆಗಪ್ಪು. ಎಡಗೆನ್ನೆಯ ಮೇಲೆ ಒಂದು ಮಚ್ಚೆ, ಉದ್ದಿನಕಾಳಿನಷ್ಟು. ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕು ಅಂತ ಹಾಸನದ ಒಂದು ಸ್ಟುಡಿಯೋಗೆ ಕರೆದುಕೊಂಡು ಬಂದರು. ನಾನೂ ಜೊತೆಗಿದ್ದೆ. ಒಂದು ವಾರ ಬಿಟ್ಟು ಫೋಟೋ ಕೈಗೆ ಬಂದಾಗ ನಮ್ಮಮ್ಮ ಕಣ್ಣಿಗೆ ಒತ್ತಿಕೊಂಡರು. ಅಕ್ಕ ಬೆಳ್ಳಗಿದ್ದಳು. ಮಚ್ಚೆ ಇರಲಿಲ್ಲ. ಯಾರೂ ಕೇಳದೆ ಸ್ಟುಡಿಯೋದವರೇ ಮಾಡಿಕೊಟ್ಟಿದ್ದರು, ಒಳ್ಳೆಯದಾಗಲಿ ಅಂತಲೇ. ಆ ಕಾಲದಲ್ಲಿ ಅದು ಮಾಮೂಲು. ನೆಗೆಟಿವಿನ ಮೇಲೆ ಚೂಪು ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಗೀಟು ಎಳೆದರೆ ಆ ಜಾಗ ಪ್ರಿಂಟಿನಲ್ಲಿ ಬಿಳಿ ಬರುತ್ತದೆ. ಮಚ್ಚೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಹೋಗುತ್ತದೆ. ಪ್ರಿಂಟು ಹಾಕುವಾಗ ಮುಖದ ಭಾಗಕ್ಕೆ ಬೆಳಕು ಕಡಿಮೆ ಬಿಟ್ಟರೆ ಮುಖ ಬೆಳ್ಳಗಾಗುತ್ತದೆ.

ಫೋಟೋ ಒಪ್ಪಿಗೆಯಾಯಿತು. ಹೆಣ್ಣು ನೋಡಲು ಬಂದರು. ಅಕ್ಕ ಕಾಫಿ ತಟ್ಟೆ ಹಿಡಿದು ಬಂದಳು. ಗಂಡಿನ ತಾಯಿ ಬ್ಯಾಗಿನಿಂದ ಫೋಟೋ ತೆಗೆದು, ಫೋಟೋ ನೋಡಿ, ಅಕ್ಕನನ್ನು ನೋಡಿ, ನಮ್ಮಮ್ಮನನ್ನು ಕೇಳಿದರು, "ಈ ಹುಡುಗಿ ಎಲ್ಲಿ?"

ಅಕ್ಕ ಎದುರಿಗೇ ನಿಂತಿದ್ದಳು. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು 'ಕಿಣಿ ಕಿಣಿ' ತಾಗಿದ್ದು ನನಗೆ ಈಗಲೂ ಕೇಳಿಸುತ್ತದೆ.

ಆ ಸಂಬಂಧ ಕೂಡಿಬರಲಿಲ್ಲ. ಆಮೇಲಿನ ದಿನಗಳಲ್ಲಿ ಅಕ್ಕ ಏನೇನು ಹಚ್ಚಿಕೊಂಡಳು ಅಂತ ಹೇಳಲು ಹೋಗುವುದಿಲ್ಲ. ವಾರವಾರ ಮನೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ವಾರವಾರ ಅದೇ ಚಿತ್ರ. ಒಂದೇ ಹುಡುಗಿಯ ನಾಲ್ಕಾರು ಮುಖ ಸಾಲಾಗಿ, ಕಪ್ಪಿನಿಂದ ಬಿಳುಪಿಗೆ. ಕಪ್ಪಿದ್ದಾಗ ಅಳುಮುಖ, ಬಿಳುಪಾದಾಗ ನಗು, ಕೆಲಸ, ಗಂಡ. ಅಕ್ಕ ಕನ್ನಡಿಯನ್ನು ಆ ಪುಟದ ಪಕ್ಕದಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. ನನಗೆ ಆಗ ಹೇಳಲು ಮಾತು ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಭಾವ ಬಂದರು. ಅವರು ಫೋಟೋ ಕೇಳಲಿಲ್ಲ. ಆಲೂರು ಸಂತೆಯಲ್ಲಿ ಅಕ್ಕನನ್ನು ನೋಡಿದ್ದರಂತೆ.

ಮಾತು ಸಿಕ್ಕಿದ್ದು ನಾನು ಟೀಚರ್ ಆದ ಮೇಲೆ, ಒಂದು ಭೂತಗನ್ನಡಿಯಿಂದ. ಪತ್ರಿಕೆಯ ಬಣ್ಣದ ಚಿತ್ರವನ್ನು ಅದರಲ್ಲಿ ನೋಡಿದರೆ ಬರೀ ಚುಕ್ಕಿ ಕಾಣುತ್ತದೆ. ನಾಲ್ಕೇ ಬಣ್ಣ. ತಿಳಿನೀಲಿ, ಗುಲಾಬಿ, ಹಳದಿ, ಕಪ್ಪು. ಲೋಕದ ಅಷ್ಟೂ ಬಣ್ಣ ಈ ನಾಲ್ಕರಲ್ಲೇ. ನಾನು ಪ್ರತಿ ವರ್ಷ ಹೆಣ್ಣುಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು, ಆ ಕಪ್ಪಿನಿಂದ ಬಿಳುಪಿಗೆ ಹೋಗುವ ಮುಖಗಳನ್ನು ನೋಡಲು ಹೇಳುತ್ತಿದ್ದೆ. ಮೊದಲ ಮುಖದಲ್ಲಿ ಚುಕ್ಕಿಗಳು ದಟ್ಟ. ಆಮೇಲಾಮೇಲೆ ವಿರಳ. ಕೊನೆಯ ಮುಖದ ಕೆನ್ನೆಯಲ್ಲಿ ಅಲ್ಲೊಂದು ಇಲ್ಲೊಂದು. "ಇದರಲ್ಲಿ ಬಿಳಿ ಶಾಯಿ ಎಲ್ಲಿದೆ ಹುಡುಕಿ" ಅನ್ನುತ್ತಿದ್ದೆ. ಹುಡುಕುತ್ತಿದ್ದರು. ಎಲ್ಲೂ ಇರುತ್ತಿರಲಿಲ್ಲ. ಆ ನಾಲ್ಕು ಬಣ್ಣಗಳಲ್ಲಿ ಬಿಳಿ ಇಲ್ಲವೇ ಇಲ್ಲ. ಬಿಳುಪು ಅಂದರೆ ಅಲ್ಲಿ ಶಾಯಿ ಬಿದ್ದಿಲ್ಲ ಅಂತ, ಖಾಲಿ ಕಾಗದ ಕಾಣುತ್ತಿದೆ ಅಂತ. ಆಗ ಒಬ್ಬ ಹುಡುಗಿ, ನನ್ನ ಅಕ್ಕನ ಬಣ್ಣದವಳೇ, ಭೂತಗನ್ನಡಿಯಿಂದ ತಲೆ ಎತ್ತಿ ಅಂದಳು, "ಮಿಸ್, ಹಂಗಾದ್ರೆ ಶಾಯಿ ಜಾಸ್ತಿ ಇರೋದು ಕಪ್ಪು ಮುಖಕ್ಕೇ." ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ. 2020ರಲ್ಲಿ ದೇಶದ ಒಂದು ದೊಡ್ಡ ಕ್ರೀಮು ತನ್ನ ಹೆಸರಿನಿಂದ 'ಫೇರ್' ಅನ್ನುವ ಪದ ತೆಗೆದಾಗ ಆ ಹುಡುಗಿಯೇ ನನಗೆ ಫೋನು ಮಾಡಿ ಹೇಳಿದ್ದು.

ಅಕ್ಕನ ಆ ನೆಗೆಟಿವು ನನ್ನ ಹತ್ತಿರ ಇದೆ. ಇಲ್ಲೇ, ಈ ಕವರಿನಲ್ಲಿ. ಬೆಳಕಿಗೆ ಓರೆಯಾಗಿ ಹಿಡಿದರೆ ಎಡಗೆನ್ನೆಯ ಮೇಲೆ ಪೆನ್ಸಿಲ್ ಗೀಟುಗಳು ಮಿನುಗುತ್ತವೆ.

ಹೋದ ದೀಪಾವಳಿಗೆ ಅಕ್ಕನ ಮೊಮ್ಮಗಳು ಹೊಸ ಫೋನು ತಂದು ಅಜ್ಜಿಯ ಫೋಟೋ ತೆಗೆದಳು. ಅಕ್ಕ ಕನ್ನಡಕ ಏರಿಸಿ ಫೋನನ್ನು ಹತ್ತಿರ ಹಿಡಿದು ನೋಡಿದಳು. ಸುಕ್ಕಿಲ್ಲ, ಮುಖ ಒಂದು ಬಣ್ಣ ಬೆಳ್ಳಗೆ. ಬಹಳ ಹೊತ್ತು ನೋಡಿ ಕೆನ್ನೆ ಮುಟ್ಟಿಕೊಂಡು ಕೇಳಿದಳು, "ನನ್ನ ಮಚ್ಚೆ ಎಲ್ಲಿ ಹೋಯ್ತು ಪುಟ್ಟಿ?"

"ಅಯ್ಯೋ, ಅದು ಫೋನೇ ತೆಗೀತು ಅಜ್ಜಿ, ತಾನಾಗೇ" ಅಂದಳು ಮೊಮ್ಮಗಳು. ಅಕ್ಕ ಫೋನು ವಾಪಸ್ ಕೊಟ್ಟು, ಕೂದಲು ಸರಿಮಾಡಿಕೊಂಡು, ಜಗಲಿಯ ಬೆಳಕಿಗೆ ಎಡಗೆನ್ನೆ ತಿರುಗಿಸಿ ಕೂತಳು. "ಅದನ್ನ ಆಫ್ ಮಾಡಿ ಇನ್ನೊಂದ್ಸಲ ತೆಗಿ" ಅಂದಳು.

ಆ ಎರಡನೇ ಫೋಟೋವನ್ನು ಪ್ರಿಂಟ್ ಹಾಕಿಸಿ ತಂದಿದ್ದೇನೆ. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇದೆ, ಬಂದು ನೋಡಿ.